ಸರ್ಪಗಂಧದ ಸಾಕ್ಷ್ಯ

ಬೆಂಗಳೂರಿನಿಂದ ತುಮಕೂರಿನ ದಾರಿ ಹಿಡಿದವರು ಪೀಣ್ಯದ ಕಾರ್ಖಾನೆಗಳ ಸಾಲನ್ನು ಹಿಂದಿಕ್ಕಿ ಮಾದನಾಯಕನಹಳ್ಳಿಯ ಆಸುಪಾಸಿಗೆ ಬಂದರೆ, ಸಮೀಪದ ಮಾಕಳಿಯಲ್ಲಿ ವಿಶಾಲವಾದ ಒಂದು ಔಷಧ ಕಾರ್ಖಾನೆಯನ್ನು ಕಾಣುತ್ತಾರೆ. ಅದು ಹಿಮಾಲಯ ಸಂಸ್ಥೆಯ ನೆಲೆ. ನೆರೆಹೊರೆಯ ಕಾರ್ಖಾನೆಗಳಿಗೆ ಲಾರಿಗಳು ಕಬ್ಬಿಣವನ್ನೂ ರಾಸಾಯನಿಕಗಳನ್ನೂ ಹೊತ್ತು ತರುತ್ತಿದ್ದರೆ, ಇಲ್ಲಿಗೆ ಬರುವ ಸರಕು ಬೇರು, ತೊಗಟೆ, ಎಲೆ, ಬೀಜ. ಅಜ್ಜಿಯ ಒರಳುಕಲ್ಲಿಗೆ ಸೇರಬೇಕಾದ ವಸ್ತುಗಳು ಪ್ರಯೋಗಶಾಲೆಯ ತಕ್ಕಡಿಯನ್ನೇರುತ್ತವೆ.

ಆಯುರ್ವೇದದಲ್ಲಿ ಇಲ್ಲದ್ದು ಯಾವುದೂ ಇಲ್ಲವೆನ್ನುವ ಮಾವನವರೂ, ಅದೆಲ್ಲ ಹಳೆಯ ಕಾಲದ ಭ್ರಾಂತಿಯೆನ್ನುವ ಅಳಿಯನೂ ಒಂದೇ ಪಂಕ್ತಿಯಲ್ಲಿ ಕುಳಿತು ವಾದಿಸುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಇಬ್ಬರಿಗೂ ಉತ್ತರ ಹೇಳಬಲ್ಲ ಒಂದು ಬೇರು ಈ ಸಂಸ್ಥೆಯ ಹುಟ್ಟಿನಲ್ಲಿಯೇ ಇದೆ.

ಮಹಮ್ಮದ್ ಮನಾಲ್ ಎಂಬ ತರುಣ ಬರ್ಮಾದ ಕಾಡುಗಳಲ್ಲಿ ಸಂಚರಿಸುತ್ತಿದ್ದಾಗ, ಕೆರಳಿದ ಆನೆಗಳಿಗೆ ಜನ ಒಂದು ಬೇರನ್ನು ತಿನ್ನಿಸಿ ಅವನ್ನು ಶಾಂತಗೊಳಿಸುವುದನ್ನು ಕಂಡನೆಂದು ಸಂಸ್ಥೆಯವರು ಹೇಳುತ್ತಾರೆ. ತಾಯಿಯ ಒಡವೆಗಳನ್ನು ಒತ್ತೆಯಿಟ್ಟು, ಕೈಯಿಂದ ತಿರುಗಿಸುವ ಒಂದು ಗುಳಿಗೆ ಯಂತ್ರವನ್ನು ಕೊಂಡು, 1930ರಲ್ಲಿ ಡೆಹರಾಡೂನಿನಲ್ಲಿ ಆತ ಉದ್ಯಮವನ್ನು ಆರಂಭಿಸಿದ. 1934ರಲ್ಲಿ ಆ ಬೇರಿನಿಂದ ತಯಾರಾದ ‘ಸರ್ಪಿನಾ’ ಗುಳಿಗೆ ಮಾರುಕಟ್ಟೆಗೆ ಬಂದಿತು. ಬೆಂಗಳೂರಿನಲ್ಲಿ ಕಾರ್ಖಾನೆ ತಲೆಯೆತ್ತಿದ್ದು 1975ರಲ್ಲಿ.

ಆ ಬೇರೇ ಸರ್ಪಗಂಧ. ಹಾವಿನ ವಿಷಕ್ಕೆ ಮದ್ದೆಂದು ನಾಟಿ ವೈದ್ಯರು ಇದನ್ನು ಬಹುಕಾಲದಿಂದ ಬಳಸುತ್ತಿದ್ದರು. ವಿಷವೈದ್ಯವೇನೂ ನಮ್ಮವರಿಗೆ ಹೊಸದಲ್ಲ; ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ಆ ವಿಷಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ರಚಿಸಿದ್ದನು. ಬಿಹಾರದ ಕಡೆ ಮಾತ್ರ ಸರ್ಪಗಂಧಕ್ಕೆ ‘ಹುಚ್ಚಿನ ಮದ್ದು’ ಎಂದೇ ಹೆಸರು. ಇಂದಿನ ವೈದ್ಯರು ಹಾವಿನ ಕಡಿತಕ್ಕೆ ಪ್ರತಿವಿಷದ ಚುಚ್ಚುಮದ್ದನ್ನಲ್ಲದೆ ಬೇರಾವುದನ್ನೂ ನೆಚ್ಚುವುದಿಲ್ಲ. ಎಂದರೆ, ಪರಂಪರೆ ಹೇಳಿದ ಒಂದು ಗುಣ ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಮತ್ತೊಂದು ನಿಂತಿತು.

ಆ ಪರೀಕ್ಷೆಯ ಕಥೆ ಸ್ವಾರಸ್ಯವಾದುದು. 1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಬೇರಿನಿಂದ ಕೆಲವು ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜಮಲ್ ಖಾನರ ನೆನಪಿನಲ್ಲಿ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ರಕ್ತದ ಒತ್ತಡವನ್ನು ಇಳಿಸುತ್ತದೆಂದೂ ಚಿತ್ತಕ್ಷೋಭೆಯನ್ನು ಶಮನಮಾಡುತ್ತದೆಂದೂ ಬರೆದರು. ಹೊರಗಿನ ಪ್ರಪಂಚ ಕಿವಿಗೊಡಲಿಲ್ಲ. 1949ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು 50 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಬಳಿಕವೇ ಪಶ್ಚಿಮದವರು ಎಚ್ಚೆತ್ತರು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ‘ರಿಸರ್ಪೀನ್’ ಎಂಬ ಸತ್ವವನ್ನು ಬೇರಿನಿಂದ ಹೊರತೆಗೆದರು. 1956ರಲ್ಲಿ ಅಮೆರಿಕೆಯ ವುಡ್‌ವರ್ಡ್ ಅದನ್ನು ಪ್ರಯೋಗಶಾಲೆಯಲ್ಲಿಯೇ ರಚಿಸಿ ತೋರಿಸಿದರು.

ಮಾವನವರು ಇಲ್ಲಿಗೆ ಕಥೆಯನ್ನು ನಿಲ್ಲಿಸಿ ಮೀಸೆ ತಿರುವಬಹುದು. ಆದರೆ ಮುಂದಿನದೂ ಉಂಟು. ರಿಸರ್ಪೀನನ್ನು ಸೇವಿಸಿದವರಲ್ಲಿ ಕೆಲವರಿಗೆ ಮನಸ್ಸು ಮಂಕಾಗಿ ವಿಷಾದ ಕವಿಯಿತೆಂಬ ವರದಿಗಳು ಬಂದವು. ಬೇರೆ ಔಷಧಗಳು ಬಂದಮೇಲೆ ಅದರ ಬಳಕೆ ಕುಗ್ಗಿತು. ಗಿಡಮೂಲಿಕೆಯಾದ್ದರಿಂದ ಬಾಧಕವಿಲ್ಲವೆಂಬ ಭಾವನೆಗೆ ಇದು ಒಳ್ಳೆಯ ಮದ್ದು. ಬೇಡಿಕೆ ಗಿಡವನ್ನೂ ಬಿಡಲಿಲ್ಲ. ಬೇರಿಗಾಗಿ ಅಗೆದರೆ ಗಿಡವೇ ಹೋಯಿತಲ್ಲವೆ? 1990ರಲ್ಲಿ ಸರ್ಪಗಂಧವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು.

ಇದೇ ಕಠಿಣ ಪ್ರಶ್ನೆಯನ್ನು ಮಾಕಳಿಯ ಸಂಸ್ಥೆಯ ಪ್ರಸಿದ್ಧ ಗುಳಿಗೆಯೂ ಎದುರಿಸಿದೆ. 1955ರಲ್ಲಿ ಹೊರಬಂದ ‘ಲಿವ್ 52’ರ ಹೆಸರನ್ನು ಕೇಳದ ಮನೆ ಕಡಿಮೆ. ಅದರ ಘಟಕಗಳಲ್ಲಿ ಒಂದಾದ ಕಾಸನಿಯೆಂದರೆ, ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿಯ ಗಿಡವೇ! ಮದ್ಯಪಾನದಿಂದ ಯಕೃತ್ತು ಗಟ್ಟಿಗೊಂಡವರ ಮೇಲೆ ಯೂರೋಪಿನ ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪ್ರಯೋಗವೊಂದರ ವರದಿ 1997ರಲ್ಲಿ ಪ್ರಕಟವಾಯಿತು. ಯಾರಿಗೆ ಔಷಧ, ಯಾರಿಗೆ ಹುಸಿಗುಳಿಗೆ ಎಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ನಡೆಸಿದ ಪ್ರಯೋಗವದು. ಅಲ್ಲಿ ಔಷಧದಿಂದ ರೋಗಿಗಳ ಆಯುಸ್ಸು ಹೆಚ್ಚಲಿಲ್ಲ. ರೋಗ ಅತ್ಯಂತ ಉಲ್ಬಣಿಸಿದ್ದ ಗುಂಪಿನಲ್ಲಿ ಔಷಧ ಸೇವಿಸಿದವರೇ ಹೆಚ್ಚಾಗಿ ಸತ್ತರು. ಈ ಒಂದು ಫಲಿತಾಂಶದಿಂದ ಬೇರೆ ಯಕೃತ್ ರೋಗಗಳ ಮಾತು ತೀರ್ಮಾನವಾಗುವುದಿಲ್ಲ. ಆದರೂ ಅಂಥ ರೋಗಿಯ ಮನೆಯವರಿಗೆ ಈ ‘ಅಲ್ಲ’ ಎಂಬ ಉತ್ತರ, ನೂರು ಹೊಗಳಿಕೆಗಳಿಗಿಂತ ಬೆಲೆಯುಳ್ಳದ್ದು. ಮನೆಯ ಹಿರಿಯರು ಪೇಟೆಯ ಡಾಕ್ಟರರ ಗುಳಿಗೆಯ ಜೊತೆಗೆ ಚೂರ್ಣವನ್ನೂ ಸೇವಿಸಿ, ಒಂದರ ಸುದ್ದಿಯನ್ನು ಇನ್ನೊಬ್ಬರಿಂದ ಮುಚ್ಚಿಡುವುದುಂಟು. ರಕ್ತದ ಒತ್ತಡದ ಗುಳಿಗೆಯ ಜೊತೆಗೆ ಸರ್ಪಗಂಧವೂ ಸೇರಿದರೆ ಒತ್ತಡ ಅಪಾಯಕರವಾಗಿ ಇಳಿಯಬಹುದು.

ಅಳಿಯನಿಗೂ ಸರ್ಪಗಂಧ ಒಂದು ಪಾಠವನ್ನು ಇಟ್ಟಿದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಮೊಲಗಳಿಗೆ ರಿಸರ್ಪೀನ್ ಕೊಟ್ಟಾಗ ಅವು ಮಿಸುಕದೆ ಬಿದ್ದುಕೊಂಡವು. ಮಿದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯ ಬರಿದಾಗಿತ್ತು. ಆಗ ಎಲ್-ಡೋಪಾ ಎಂಬುದನ್ನು ಕೊಡಲು ಮೊಲಗಳು ಎದ್ದು ಓಡಾಡಿದವು. 1957ರ ಈ ಪ್ರಯೋಗವೇ ಕೈಕಾಲು ನಡುಗುವ ಪಾರ್ಕಿನ್ಸನ್ ರೋಗದ ಚಿಕಿತ್ಸೆಗೆ ದಾರಿಯಾಯಿತು. 2000ದಲ್ಲಿ ಕಾರ್ಲ್ಸನ್ನರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಸೋಜಿಗವೆಂದರೆ, ಅದೇ ಎಲ್-ಡೋಪಾ ನಮ್ಮ ಬೇಲಿಯ ನಸುಗುನ್ನಿಯಲ್ಲಿದೆ. ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕುಮಾಡುವ ಆ ಕಾಯಿಯ ಬೀಜದಿಂದ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿಯವರು 1937ರಲ್ಲಿಯೇ ಅದನ್ನು ಬೇರ್ಪಡಿಸಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಆ ಬೀಜದ ಬಳಕೆಯಿದೆ. ಕಾರಣ ತಿಳಿಯದೆಯೂ ವೈದ್ಯರ ಕಣ್ಣು ಸರಿಯಾದ ಗಿಡದ ಮೇಲೆ ಬಿದ್ದಿತ್ತು. 2004ರಲ್ಲಿ ಲಂಡನ್ನಿನ ವೈದ್ಯರು ಎಂಟು ಮಂದಿ ಪಾರ್ಕಿನ್ಸನ್ ರೋಗಿಗಳಿಗೆ 30 ಗ್ರಾಂ ನಸುಗುನ್ನಿ ಪುಡಿಯನ್ನು ಒಮ್ಮೆಯೂ ಮಾಮೂಲು ಗುಳಿಗೆಯನ್ನು ಇನ್ನೊಮ್ಮೆಯೂ ಕೊಟ್ಟು, ಗಡಿಯಾರ ಹಿಡಿದು ಕುಳಿತರು. ಗುಳಿಗೆ ಫಲ ಕೊಡಲು ಸುಮಾರು 69 ನಿಮಿಷ ಬೇಕಾಯಿತು, ನಸುಗುನ್ನಿಗೆ 35. ಎಂಟು ಮಂದಿ ತೀರ ಕಡಿಮೆಯೆಂದು ಆ ವೈದ್ಯರಿಗೂ ಗೊತ್ತಿತ್ತು. ದೀರ್ಘಕಾಲದ ಪರೀಕ್ಷೆಗಳು ಆಗಬೇಕೆಂದು ಬರೆದು ವರದಿಯನ್ನು ಮುಗಿಸಿದರು.