ಮ್ಯಾಲಿನ ಗೆರಿ ಇಲ್ಲದ ಅಕ್ಷರ

ಮಹಾರಾಷ್ಟ್ರದ ಇಚಲಕರಂಜಿಯ ಒಂದು ಗಲ್ಲಿ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳ ಖಡಖಡ ನಿಂತಿರಲಿಲ್ಲ. ಅದರ ನಡುವೆಯೇ ದನಿ ಏರಿಸಿ, ಎಂಟು ವರ್ಷದ ಒಬ್ಬ ಹುಡುಗಿಗೆ ನನ್ನ ಮೊದಲ ಪುಸ್ತಕ ಓದಿ ಹೇಳುತ್ತಿದ್ದೆ. ಲಾಳಿಯೊಂದು ಮಗ್ಗದಿಂದ ಜಿಗಿದು ಪಂಚಗಂಗಾ ನದಿಯ ತನಕ ಓಡಿಹೋಗುವ ಕಥೆ. ಮೂರನೆಯ ಪುಟಕ್ಕೆ ಬಂದಾಗ ಅವಳು ತಡೆದಳು.

"ಮಾಸ್ತರ, ಇದು ನಮ್ಮ ಆಯಿ ಮಾತಾಡೂದು. ಇದನ್ನ ಪುಸ್ತಕದಾಗೂ ಬರೀತಾರೇನ್ರಿ?"

ಪುಸ್ತಕ ಕೈಗೆ ಕೊಟ್ಟೆ. ಸಾಲಿನ ಮೇಲೆ ಬೆರಳಾಡಿಸಿ ಮತ್ತೆ ಕೇಳಿದಳು: "ಇವಕ್ಕ ಮ್ಯಾಲಿನ ಗೆರಿ ಯಾಕಿಲ್ಲ?"

ದೇವನಾಗರಿಯ ತಲೆಗೆರೆ ಕಂಡು ಬೆಳೆದ ಕಣ್ಣು ಅದು. ಮರಾಠಿ ಶಾಲೆಯ ಮೂರನೇ ಇಯತ್ತೆ. ಮನೆಯಲ್ಲಿ ಕನ್ನಡದಲ್ಲೇ ಉಂಡು, ಜಗಳಾಡಿ, ಮಲಗುತ್ತಾಳೆ. ಒಂದು ಕನ್ನಡ ಅಕ್ಷರವನ್ನೂ ಓದಲಾರಳು. ಮಕ್ಕಳಿಗಾಗಿ ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವ ನನಗೆ ಈ ಭಾಗದಲ್ಲಿ ಸಿಗುವ ಓದುಗರು ಹೆಚ್ಚಾಗಿ ಇಂಥವರು. ಇವರಿಗೆ ಕಥೆ ಬರೆದರಷ್ಟೇ ಸಾಲದು, ಕಥೆಯ ಜೊತೆಗೆ ಅಕ್ಷರವನ್ನೂ ಕೊಡಬೇಕು.

ಕೊಲ್ಲಾಪುರ ಜಿಲ್ಲೆಯ ನಮ್ಮ ಗಡಹಿಂಗ್ಲಜ ತಾಲ್ಲೂಕಿನ ಊರುಗಳ ಹೆಸರು ಕೇಳಿದರೆ ಸಾಕು: ಹಲಕರ್ಣಿ, ಹೆಬ್ಬಾಳ, ನೂಲ. ಕೊಲ್ಲಾಪುರದಲ್ಲಿ ಶಿಲಾಹಾರರ ಕಾಲದ ಕನ್ನಡ ಶಾಸನಗಳಿವೆ. ಕನ್ನಡ ಇಲ್ಲಿಗೆ ವಲಸೆ ಬಂದದ್ದಲ್ಲ. ಆದರೆ ಶಾಲೆಯ ಭಾಷೆ ಬೇರೆಯಾಯಿತು. ಕೊಲ್ಲಾಪುರದ ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ, ಉಚಿತ ಮಾಡಿದರು. ಬಡವರ ಮಕ್ಕಳು ಶಾಲೆ ಕಂಡದ್ದು ಆ ಮಹಾನುಭಾವರಿಂದ. ಅದನ್ನು ನೆನೆಯದೆ ನಾನು ಮುಂದೆ ಹೋಗಲಾರೆ. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ರಾಜ್ಯಗಳ ಗಡಿಗೆರೆ ಹೊಸದಾಗಿ ಎಳೆದಾಗ ಬೆಳಗಾವಿ ಜಿಲ್ಲೆಯ ಚಂದಗಡವೂ ಈ ಕಡೆಗೇ ಉಳಿಯಿತು. ಗೆರೆ ಎಲ್ಲಿ ಬಿದ್ದಿತು ಎನ್ನುವ ವಾದ ನನ್ನದಲ್ಲ. ಗೆರೆಯ ಈಚೆಗಿರುವ ಮಗುವಿಗೆ ಅಜ್ಜಿಯ ಮಾತಿನಲ್ಲಿ ಒಂದು ಪುಸ್ತಕ ಸಿಗಬೇಕು, ಅಷ್ಟೇ ನನ್ನ ಹಟ.

ನಾನೂ ಮರಾಠಿ ಶಾಲೆಯವನೇ. ಕನ್ನಡ ಅಕ್ಷರ ಕಲಿತದ್ದು ಗಡಹಿಂಗ್ಲಜ ಬಸ್‌ ಸ್ಟ್ಯಾಂಡಿನಲ್ಲಿ. ಮೆಣಸಿನಕಾಯಿ ಪೇಟೆಗೆ ಬರುವ ಅಪ್ಪನ ಜೊತೆ ನಿಂತಾಗ ಕರ್ನಾಟಕದ ಬಸ್ಸು ಬರುತ್ತಿತ್ತು. "ಅದು ಸಂಕೇಶ್ವರ ಗಾಡಿ, ಬೋರ್ಡ್ ನೋಡು," ಎನ್ನುತ್ತಿದ್ದ. ಹೆಸರು ಮೊದಲೇ ಗೊತ್ತಿದ್ದುದರಿಂದ ಅಕ್ಷರಗಳು ಒಂದೊಂದಾಗಿ ತಾವೇ ಬಿಡಿಸಿಕೊಂಡವು. ಗೊತ್ತಿರುವ ಮಾತಿನಿಂದ ಗೊತ್ತಿಲ್ಲದ ಅಕ್ಷರಕ್ಕೆ ಹೋಗುವ ಆ ದಾರಿಯನ್ನೇ ನನ್ನ ಪುಸ್ತಕಗಳಲ್ಲಿ ಹಿಡಿದಿದ್ದೇನೆ.

ಹೇಗೆಂದರೆ, ಮೊದಲ ಪುಟಗಳಲ್ಲಿ ದಪ್ಪ ಕನ್ನಡ ಸಾಲು, ಅದರ ಕೆಳಗೆ ಅದೇ ಮಾತು ಸಣ್ಣ ದೇವನಾಗರಿಯಲ್ಲಿ. ಪುಟ ಮುಂದುವರಿದಂತೆ ಕೆಳಗಿನ ಸಾಲಿನಿಂದ ಪದಗಳು ಕಳಚಿಕೊಳ್ಳುತ್ತವೆ. ಕೊನೆಯ ನಾಲ್ಕು ಪುಟದಲ್ಲಿ ಕನ್ನಡ ಮಾತ್ರ. ಕೇಳಲು ಸುಲಭ, ಮಾಡಲು ಕಷ್ಟ. ಮರಾಠಿ ಬರಹದಲ್ಲಿ 'ಳ' ಇದೆ, ಅದೊಂದು ಪುಣ್ಯ. ಆದರೆ ಎ–ಏ, ಒ–ಓ ಭೇದ ಬರಹದಲ್ಲಿ ಕಾಣುವುದಿಲ್ಲ. 'ಕೊಡು' ಎಂದು ಬರೆದರೂ 'ಕೋಡು' ಎಂದು ಬರೆದರೂ ಒಂದೇ ರೂಪ. "ಲಾಳಿ ಕೊಡು" ಎಂಬುದನ್ನು ಮಗು "ಲಾಳಿ ಕೋಡು" ಎಂದು ಓದಿ, ಲಾಳಿಗೆ ಕೋಡು ಎಲ್ಲಿಂದ ಬಂತೆಂದು ಚಿತ್ರದಲ್ಲಿ ಹುಡುಕುತ್ತದೆ. ಅದಕ್ಕೇ ಮೊದಲ ಪುಟಗಳಿಗೆ ಇಂಥ ಪದ ಬಾರದಂತೆ ವಾಕ್ಯ ಕಟ್ಟುತ್ತೇನೆ. ಒಂದು ಸಾಲಿಗೆ ಒಂದು ವಾರ ಹಿಡಿದದ್ದೂ ಇದೆ.

ಮೊದಲ ಸಲ ಹತ್ತಿರದಲ್ಲೇ ಆಗಲೆಂದು ಕನ್ನಡ ಬಾರದ ಒಂದು ಪ್ರೆಸ್ಸಿಗೆ ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡಿದ್ದವು. ಅಜ್ಜಿ 'ಅಜ್‌ಜಿ' ಆಗಿದ್ದಳು, ಅಕ್ಕ 'ಅಕ್‌ಕ' ಆಗಿದ್ದಳು. ಪ್ರೂಫ್ ತೋರಿಸದೆ 500 ಪ್ರತಿ ಹೊಡೆದು ಪಿನ್ ಹಾಕಿಬಿಟ್ಟಿದ್ದರು. ಸೋಯಾಬೀನ್ ಮಾರಿದ ದುಡ್ಡು ಅದು. ಆ ಕಟ್ಟುಗಳನ್ನು ಮನೆಗೆ ತಂದ ದಿನ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹೊಸದಾಗಿ ಅಕ್ಷರ ಕಲಿಯುವ ಮಗುವಿನ ಕೈಗೆ ತಪ್ಪು ಅಕ್ಷರ ಕೊಡಲಾಗದು; ಒಂದು ಪ್ರತಿಯನ್ನೂ ಹಂಚಲಿಲ್ಲ. ಮರುವರ್ಷ ಮುದ್ರಣಕ್ಕೆ ಹೆಸರಾದ ಗದಗಿಗೆ ಹೋಗಿ, ಎರಡು ದಿನ ಅಲ್ಲೇ ಕೂತು, ಪ್ರತಿ ಪುಟ ತಿದ್ದಿ ಅಚ್ಚು ಹಾಕಿಸಿದೆ. 32 ಪುಟ, ಎರಡು ಫಾರಂ, ಸೆಂಟರ್ ಪಿನ್.

ಮಾರುವ ಕಷ್ಟ ಬಂದಾಗ ನನಗೆ ಗಳಗನಾಥರು ನೆನಪಾಗುತ್ತಾರೆ. ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಾವೇ ಅಚ್ಚು ಹಾಕಿಸಿದರು, ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ಪ್ರಭಾವವೇ ಹೆಚ್ಚಾಗಿದ್ದ ಸೀಮೆಯಲ್ಲಿ ಅವರು ಓದುಗರನ್ನು ಕಾಲ್ನಡಿಗೆಯಲ್ಲಿ ಸಂಪಾದಿಸಿದರು. ಪುತ್ತೂರಿನ ಶಿವರಾಮ ಕಾರಂತರು ಸ್ವಂತ ಅಚ್ಚುಕೂಟ ಇಟ್ಟರು. ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು. ಅಂಥವರ ಮುಂದೆ ನನ್ನ ಸೈಕಲ್ಲು, ಚೀಲ ಏನೂ ಅಲ್ಲ. ಆದರೂ ಹಾದಿ ಅದೇ.

ನನ್ನ ಪುಸ್ತಕ ಅಂಗಡಿಯಲ್ಲಿ ಹೋಗುವುದಿಲ್ಲ. ಕೇಳುವವರಿಗೆ ಹೆಸರು ಗೊತ್ತಿಲ್ಲ, ಅಂಗಡಿಯವರಿಗೆ ಲಿಪಿ ಗೊತ್ತಿಲ್ಲ. ಮದುವೆಯಲ್ಲಿ, ಜಾತ್ರೆಯಲ್ಲಿ, ಗಡಹಿಂಗ್ಲಜದ ಫುಟ್‌ಬಾಲ್ ಪಂದ್ಯದ ಮೈದಾನದಲ್ಲಿ ಹೋಗುತ್ತದೆ. ನಮ್ಮೂರಿನ ಫುಟ್‌ಬಾಲ್ ಹುಚ್ಚು ಈ ಸುತ್ತಿಗೆಲ್ಲ ಗೊತ್ತು. ನನ್ನ ಎರಡನೆಯ ಪುಸ್ತಕ ಗೋಲಿಯೊಬ್ಬನ ಕಥೆಯಾದದ್ದು ಅದಕ್ಕೇ. ದೂರದವರಿಗೆ ಅಂಚೆ. 2024ರ ಡಿಸೆಂಬರಿನಲ್ಲಿ ಬುಕ್ ಪೋಸ್ಟ್ ನಿಂತಾಗ ಕೈಕಾಲು ಬಿದ್ದಂತಾಗಿತ್ತು: ತೆಳ್ಳನೆಯ ಪುಸ್ತಕಕ್ಕಿಂತ ಅಂಚೆಯೇ ತುಟ್ಟಿಯಾಗುತ್ತಿತ್ತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಶುರುವಾಯಿತು. 300 ಗ್ರಾಂ ತನಕ 20 ರೂಪಾಯಿ, 5 ಕಿಲೋ ತನಕ 100, ತೆರಿಗೆ ಬೇರೆ. ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ. ಸ್ವಂತ ಪುಸ್ತಕ ತರಬೇಕೆನ್ನುವ ಊರಿನ ಶಿಕ್ಷಕರಿಗೆ ನಾನು ಮೊದಲು ಹೇಳುವುದು ಈ ಎರಡು ಸಂಗತಿ.

ನನ್ನ ಈ ಹಟ ಹಳೆಯದು. ಕೊಲ್ಲಾಪುರದಲ್ಲಿ ಓದುವಾಗ ರಾಜಾರಾಮ್ ಕಾಲೇಜಿನ ಮುಂದೆ ಹಾಯುವಾಗಲೆಲ್ಲ ಎದೆ ತುಂಬುತ್ತಿತ್ತು. ವಿ.ಕೃ. ಗೋಕಾಕರು ಅಲ್ಲಿ ಪ್ರಾಂಶುಪಾಲರಾಗಿದ್ದರು. ಸದಲಗಾದ ಆ.ನೇ. ಉಪಾಧ್ಯೆಯವರು ಅಲ್ಲಿ ದಶಕಗಳ ಕಾಲ ಪಾಠ ಹೇಳಿದರು. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ವಿದ್ವಾಂಸರ ಕನ್ನಡ ಈ ನೆಲದಲ್ಲಿ ಅಷ್ಟು ಎತ್ತರಕ್ಕೆ ಹೋಗಿತ್ತು. ಮಕ್ಕಳ ಕನ್ನಡ ಮಾತ್ರ ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲವಲ್ಲ ಎಂಬ ಸಂಕಟ ಅಂದೇ ಶುರುವಾದದ್ದು.

ಇಚಲಕರಂಜಿಯ ಆ ಮನೆಯಲ್ಲಿ ಕಥೆ ಮುಗಿದಾಗ ಹುಡುಗಿಯ ಅಜ್ಜಿ ಒಳಗಿಂದ ಬಂದರು. ಗೋಡೆಯ ಆಚೆ ಕೂತು ಎಲ್ಲ ಕೇಳಿದ್ದರು. ಲಾಳಿಯೊಳಗೆ ನೂಲು ಸುತ್ತಿಡುವ ಕಡ್ಡಿಗೆ ಪುಸ್ತಕದಲ್ಲಿ ನಾನು 'ಕಂಡಿಕೆ' ಎಂದು ಬರೆದಿದ್ದೆ. ಹುಡುಗಿ ಅದನ್ನು 'ಕಾಂಡಿ' ಎಂದಿದ್ದಳು. "ಎರಡೂ ಬರೋಬ್ಬರಿ," ಎಂದರು ಅಜ್ಜಿ. "ಖರೇ ತಪ್ಪ ಬ್ಯಾರೆ ಐತಿ, ಮಾಸ್ತರ. ಲಾಳಿ ಪಂಚಗಂಗಿ ತನಾ ಹೋಗಂಗಿಲ್ಲ. ಕಂಡಿಕ್ಯಾಗ ನೂಲ ಎಷ್ಟೈತಿ, ಅಷ್ಟ ಹೋಗತೈತಿ."

ಹುಡುಗಿ ಎದ್ದು ಶೆಡ್ಡಿಗೆ ಓಡಿ ಖಾಲಿಯಾಗದ ಒಂದು ಕಂಡಿಕೆ ತಂದಳು. ನೂಲಿನ ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಕಂಡಿಕೆ ಹಿಡಿದು ಗಲ್ಲಿಯುದ್ದಕ್ಕೂ ನಡೆದಳು. ಮೂಲೆಯ ಚಹಾದಂಗಡಿಯನ್ನೂ ದಾಟಿ ಹೋದಳು, ನೂಲು ಇನ್ನೂ ಉಳಿದಿತ್ತು. ಅಲ್ಲಿಂದಲೇ ಕೂಗಿ ಕೇಳಿದಳು, ಇನ್ನೂ ಮುಂದೆ ಹೋಗಲೇ ಎಂದು. ಎರಡನೆಯ ಮುದ್ರಣಕ್ಕೆ ಆ ಪುಟವನ್ನು ಈಗ ಹೊಸದಾಗಿ ಬರೆಯುತ್ತಿದ್ದೇನೆ.