ವೀಕೆಂಡ್‌ಗೆ ಮಂಗಳೂರು: ಬೀಚ್ ಜೊತೆಗೆ ಬ್ಯಾಂಕ್‌ಗಳ ಕಥೆಯನ್ನೂ ನೋಡ್ಕೊಂಡು ಬನ್ನಿ

ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಾಕೊಂಡು ಕೇಳ್ತಿರೋರಿಗೂ, ಯಲಹಂಕದಲ್ಲಿ ಬಸ್ ಹತ್ತಿ ಇಯರ್‌ಫೋನ್ ಹಾಕ್ಕೊಂಡಿರೋರಿಗೂ ಸ್ವಾಗತ. ಇವತ್ತು ವೀಕೆಂಡ್ ಮಂಗಳೂರು. ಬೀಚು, ನೀರುದೋಸೆ, ಐಸ್‌ಕ್ರೀಮ್ ಬಗ್ಗೆ ರೀಲ್ಸ್ ಬೇಕಾದಷ್ಟಿವೆ. ಕಾಮರ್ಸ್ ಓದಿರೋ ನನ್ನ ತಲೆಯಲ್ಲಿ ಓಡೋ ಪ್ರಶ್ನೆ ಬೇರೆ. ಇಷ್ಟು ಚಿಕ್ಕ ಕರಾವಳಿಯಲ್ಲಿ ಐದು ದೊಡ್ಡ ಬ್ಯಾಂಕ್‌ಗಳು ಯಾಕೆ ಹುಟ್ಟಿದವು? ಅದರಲ್ಲಿ ಈಗ ಎಷ್ಟು ಉಳಿದಿವೆ?

ಮೊದಲು ಹೋಗೋದು ಹೇಗೆ ಅಂತ ನೋಡೋಣ. ರಸ್ತೆಯಲ್ಲಿ ಸುಮಾರು 350 ಕಿ.ಮೀ. ಶುಕ್ರವಾರ ರಾತ್ರಿ ಬಸ್ಸಲ್ಲಿ ಮಲಗಿದರೆ ಬೆಳಿಗ್ಗೆ ಅಲ್ಲಿರ್ತೀರ. ಯಶವಂತಪುರದಿಂದ ಹಗಲು ರೈಲು ಸಿಗೋ ದಿನ ನೋಡಿಕೊಂಡರೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿ ಕಾಣುತ್ತೆ. 55 ಕಿ.ಮೀ.ಗೆ 57 ಸುರಂಗ! ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು ಇರೋದರಿಂದ ರೈಲು ಇಲ್ಲಿ ನಿಧಾನವಾಗೇ ಹೋಗಬೇಕು. ಲೇಟು ಅಂತ ಗೊಣಗಬೇಡಿ, ಕಿಟಕಿ ಕಡೆ ಕೂತ್ಕೊಳ್ಳಿ.

ಊರಿಗೆ ಇಳಿದ ಮೇಲೆ ಸಿಟಿ ಬಸ್ ಬೋರ್ಡ್ ಗಮನಿಸಿ. ‘ಸ್ಟೇಟ್‌ಬ್ಯಾಂಕ್’ ಅಂತ ಇರುತ್ತೆ. ಅದು ಬಸ್ ನಿಲ್ದಾಣದ ಹೆಸರು! ಈ ಊರಿಗೂ ಬ್ಯಾಂಕಿಗೂ ಇರೋ ನಂಟು ಅಲ್ಲಿಂದಲೇ ಶುರು.

ಈಗ ಕಥೆ. 1906ರಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಇವತ್ತಿನ ಕೆನರಾ ಬ್ಯಾಂಕ್ ಶುರು ಮಾಡಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ನೇತೃತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಹುಟ್ಟಿತು. ಮೊದಲ ದಿನದ ಕೊನೆಗೆ ಅಲ್ಲಿ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಆದ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಲೆಕ್ಕ ಹಾಕಿ, 25 ವರ್ಷದಲ್ಲಿ ಐದು!

ಕಾರಣ ಏನು? ಬಂದರು ಇತ್ತು, ಹೆಂಚು–ಕಾಫಿ ವ್ಯಾಪಾರ ಇತ್ತು, ಅಂದರೆ ಕೈಯಲ್ಲಿ ಕಾಸು ಓಡಾಡ್ತಿತ್ತು. ಆದರೆ ಸಾಮಾನ್ಯ ಜನಕ್ಕೆ ಸಾಲ ಬೇಕಾದರೆ ಬಡ್ಡಿ ಸಾಹುಕಾರನೇ ಗತಿ. ಜೊತೆಗೆ ಅದು ಸ್ವದೇಶಿ ಚಳವಳಿಯ ಕಾಲ. ವಕೀಲರು, ವೈದ್ಯರು, ವ್ಯಾಪಾರಿಗಳು ತಮ್ಮ ತಮ್ಮ ಸಮುದಾಯದ ನಂಬಿಕೆಯನ್ನೇ ಬಂಡವಾಳ ಮಾಡ್ಕೊಂಡರು. ಹೀಗೆ ಸಮುದಾಯದಲ್ಲಿ ಶುರುವಾದ ಬ್ಯಾಂಕ್ ಆಮೇಲೆ ಎಲ್ಲರಿಗೂ ಬಾಗಿಲು ತೆರೀತು.

ನನಗೆ ತುಂಬಾ ಇಷ್ಟ ಆಗೋದು 1928ರ ಪಿಗ್ಮಿ. ಸಿಂಡಿಕೇಟ್ ಕಟ್ಟಿದ ಡಾ. ಟಿ.ಎಂ.ಎ. ಪೈ ಮತ್ತವರ ಜೊತೆಗಾರರ ಯೋಜನೆ ಇದು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬರ್ತಾನೆ, ನೀವು ಎರಡಾಣೆ ಕೊಟ್ಟರೂ ಸಾಕು. ನಾವು ಮೊಬೈಲಲ್ಲಿ ಎಸ್‌ಐಪಿ ಅಂತ ಮಾಡ್ತೀವಲ್ಲ, ಅದರಲ್ಲಿರೋ ‘ಸಣ್ಣದು, ಆದರೆ ತಪ್ಪದೇ’ ಅನ್ನೋ ಶಿಸ್ತು ನೇಕಾರರಿಗೆ, ಬೀದಿ ವ್ಯಾಪಾರಿಗಳಿಗೆ ಆಗಲೇ ಸಿಕ್ಕಿತ್ತು.

ಈಗ ಬೇಜಾರಿನ ಭಾಗ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಐದರಲ್ಲಿ ಮೂರು ಹೆಸರು ಹೋದವು. ಕೆನರಾದ ಪ್ರಧಾನ ಕಚೇರಿ ನಮ್ಮ ಬೆಂಗಳೂರಲ್ಲಿದೆ, ಕರ್ಣಾಟಕ ಬ್ಯಾಂಕ್ ಮಾತ್ರ ಇನ್ನೂ ಮಂಗಳೂರಲ್ಲೇ ಇದೆ. ದೊಡ್ಡ ಬ್ಯಾಂಕಿಗೆ ದೊಡ್ಡ ಸಾಲ ಕೊಡೋ ಶಕ್ತಿ ಬರುತ್ತೆ, ನಿಜ. ಆದರೆ ಪ್ರಧಾನ ಕಚೇರಿ ಹೋದರೆ ಬೋರ್ಡ್ ಒಂದೇ ಹೋಗಲ್ಲ. ದೊಡ್ಡ ತೀರ್ಮಾನ ಆಗೋ ಜಾಗ, ಊರಿನ ಹುಡುಗ್ರು ಕನಸು ಕಾಣ್ತಿದ್ದ ಕೆಲಸ, ಎಲ್ಲವೂ ದೂರ ಹೋಗುತ್ತೆ.

ಹಾಗಾದರೆ ಪ್ಲಾನ್ ಹೀಗಿರಲಿ. ಶನಿವಾರ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಅಂತೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳು, ಸಂಜೆ ಸುಲ್ತಾನ್ ಬತ್ತೇರಿ, ತಣ್ಣೀರುಬಾವಿ. ಭಾನುವಾರ ಉಡುಪಿ. ಹಾಜಿ ಅಬ್ದುಲ್ಲಾ ಅವರ ಹಳೇ ಮನೆಯಲ್ಲಿ ನಾಣ್ಯಗಳ ಮ್ಯೂಸಿಯಂ ಇದೆ, ತೆರೆದಿರುತ್ತಾ ಅಂತ ಮೊದಲೇ ವಿಚಾರಿಸಿ. ಮಳೆಗಾಲದಲ್ಲಿ ಮಾತ್ರ ದಯವಿಟ್ಟು ನೀರಿಗೆ ಇಳೀಬೇಡಿ. ಜೀವರಕ್ಷಕರು ಬೇಡ ಅಂದರೆ ಬೇಡ, ಅಷ್ಟೇ.

ಇನ್ನೊಂದು ಮಾತು. ಅಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಒಂದೇ ಅಂಗಡಿ ಮುಂದೆ ಕೇಳುತ್ತೆ. ನೀವು ಕನ್ನಡದಲ್ಲೇ ಮಾತಾಡಿ, ಆದರೆ ಶುರುವಿಗೆ ‘ಎಂಚ ಉಲ್ಲರ್?’ ಅನ್ನಿ. ಹೇಗಿದ್ದೀರಿ ಅಂತ ಅರ್ಥ. ಆಮೇಲೆ ವಯಸ್ಸಾದ ಅಂಗಡಿಯವರು ಸಿಕ್ಕರೆ, ‘ನೀವು ಪಿಗ್ಮಿ ಕಟ್ತಿದ್ರಾ?’ ಅಂತ ಕೇಳಿ ನೋಡಿ. ಯಾವ ಆ್ಯಪ್‌ನಲ್ಲೂ ಸಿಗದ ಕಥೆ ಸಿಗಬಹುದು. ಸಿಕ್ಕರೆ ನಮಗೂ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.