ಸಾಕ್ಷಿಯ ಪಕ್ಕದಲ್ಲೊಂದು ನಾಯಿ

ಆನೇಮಹಲಿನ ಸುತ್ತಣ ಕಾಫಿತೋಟಗಳಲ್ಲಿ ಮನೆಯಿಂದ ಮನೆಗೆ ಕೂಗಳತೆಯನ್ನೂ ಮೀರಿದ ದೂರ. ಆಷಾಢದ ಮಳೆ ಹಿಡಿದ ಸಂಜೆ, ಶಾಲೆಯಿಂದ ಮರಳುವ ಮಗುವಿಗಾಗಿ ನಾಯಿ ತೋಟದ ಗೇಟಿನ ಬಳಿ ಕಾದಿರುತ್ತದೆ. ಅಲ್ಲಿಯವರೆಗೆ ಓಡುತ್ತ ಬಂದ ಮಗು ಅಲ್ಲಿಂದ ಮುಂದೆ ನಡೆಯುತ್ತದೆ.

ಅದೇ ಮಗು ತನಗಾದ ಅನ್ಯಾಯವನ್ನು ಹೇಳಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದರೆ? ಗಡಿವ್ಯಾಜ್ಯವೊಂದರಲ್ಲಿ ನಾನೂ ಒಮ್ಮೆ ಸಾಕ್ಷಿ ನುಡಿದವನು. ನಿತ್ಯವೂ ತರಗತಿಯಲ್ಲಿ ನಿಂತು ಪಂಪನ ಪಾಠ ಹೇಳುವ ನನಗೆ, ಕಟಕಟೆಯಲ್ಲಿ ಸ್ವಂತ ಹೆಸರನ್ನು ಹೇಳುವಷ್ಟರಲ್ಲಿ ಗಂಟಲು ಒಣಗಿತ್ತು. ಎಂಟು ವರುಷದ ಮಗುವಿನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಅಮೆರಿಕದ ಸಿಯಾಟಲ್ ನಗರದಲ್ಲಿ ಸರಕಾರಿ ಅಭಿಯೋಜಕಿಯಾಗಿದ್ದ ಎಲೆನ್ ಓನೀಲ್ ಸ್ಟೀಫನ್ಸ್ ಅವರು, ತಮ್ಮ ಅಂಗವಿಕಲ ಮಗನಿಗೆ ನೆರವಾಗಿದ್ದ ಜೀಟರ್ ಎಂಬ ನಾಯಿಯನ್ನು 2003ರಲ್ಲಿ ನ್ಯಾಯಾಲಯಕ್ಕೆ ಕರೆತರತೊಡಗಿದರು. ಮರುವರುಷ ಎಲ್ಲಿ ಎಂಬ ಇನ್ನೊಂದು ನಾಯಿ ಅಭಿಯೋಜಕರ ಕಚೇರಿಯಲ್ಲಿ ಕಾಯಮ್ಮಾಗಿ ನೆಲೆಗೊಂಡಿತು. 2011ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಪೋಕಿಪ್ಸಿಯಲ್ಲಿ ಹದಿನೈದು ವರುಷದ ಬಾಲಕಿಯೊಬ್ಬಳು ಸಾಕ್ಷ್ಯ ನುಡಿಯುವಾಗ ಪಕ್ಕದಲ್ಲಿದ್ದುದು ರೋಸಿ. ನಾಯಿಯನ್ನು ಕಂಡು ಜ್ಯೂರಿಯ ಮನಸ್ಸು ಬಾಲಕಿಯ ಕಡೆಗೆ ಕರಗುವುದೆಂದು ಆರೋಪಿಯ ಪರವಾಗಿ ಆಕ್ಷೇಪ ಬಂದಿತು. ಮೇಲ್ಮನವಿಯ ನ್ಯಾಯಾಲಯ 2013ರಲ್ಲಿ ಅದನ್ನು ಒಪ್ಪಲಿಲ್ಲ. ಆದರೂ ನಕ್ಕು ತಳ್ಳಿಬಿಡುವ ಆಕ್ಷೇಪವಲ್ಲ ಅದು. ನ್ಯಾಯ ಆರೋಪಿಗೂ ಸಲ್ಲಬೇಕಷ್ಟೆ.

ನಮ್ಮಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯಿದೆ. ಅದರ 33ನೆಯ ಕಲಮಿನಂತೆ ಮಗುವಿಗೆ ವಿಶ್ವಾಸವಿರುವ ಬಂಧುವೋ ಮಿತ್ರರೋ ಜೊತೆಗಿರಬಹುದು. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ನ್ಯಾಯಾಧೀಶರ ಬಾಯಿಂದಲೇ ಪ್ರಶ್ನೆ ಬರಬೇಕು. ಆರೋಪಿ ಮಗುವಿನ ಕಣ್ಣೆದುರಿಗೆ ಇರಬಾರದೆನ್ನುತ್ತದೆ 36ನೆಯ ಕಲಮು. ಇಂಥ ಸಾಕ್ಷಿಗಳಿಗಾಗಿ ಜಿಲ್ಲೆಗೊಂದು ಪ್ರತ್ಯೇಕ ಕೇಂದ್ರವಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಆದೇಶಿಸಿತು. ಕಾಯಿದೆಯಲ್ಲಿ ನಾಯಿಯ ಪ್ರಸ್ತಾಪವಿಲ್ಲ.

ಇದ್ದಿದ್ದರೆ ಚೆನ್ನಾಗಿತ್ತೆಂದು ನನ್ನ ಅಭಿಪ್ರಾಯ. ಮಗುವಿನ ಸಾಕ್ಷ್ಯದ ವಿರುದ್ಧ ಸಾಮಾನ್ಯವಾಗಿ ಏಳುವ ಆಕ್ಷೇಪ, ಅದು 'ಹೇಳಿಕೊಟ್ಟ ಮಾತು' ಎಂಬುದು. ತಾಯಿ ಪಕ್ಕದಲ್ಲಿ ಕುಳಿತರೆ ಅವಳ ಕಣ್ಸನ್ನೆಯ ಮೇಲೂ ಸಂಶಯ. ಮಗುವಿಗಾದರೋ ಕೆಲವು ಮಾತುಗಳನ್ನು ತಾಯಿಯ ಎದುರಿಗೇ ಆಡುವುದು ಕಷ್ಟ. ನಾಯಿ ಏನನ್ನೂ ಹೇಳಿಕೊಡಲಾರದು. ಕೇಳಿ ಕಣ್ಣೀರಿಡುವುದೂ ಇಲ್ಲ. ಕರಗಲು ನಮ್ಮಲ್ಲಿ ಜ್ಯೂರಿಯೂ ಇಲ್ಲ.

ಮಹಾಭಾರತದ ಆದಿಪರ್ವದಲ್ಲಿ ದೇವಲೋಕದ ನಾಯಿ ಸರಮೆಯ ಕತೆ ಬರುತ್ತದೆ. ಜನಮೇಜಯನ ತಮ್ಮಂದಿರಿಂದ ಪೆಟ್ಟು ತಿಂದ ಮರಿ ಅಳುತ್ತ ಬಂದಾಗ, ನೀನೇ ಏನೋ ತಪ್ಪು ಮಾಡಿರಬೇಕೆಂದು ಹೆತ್ತ ತಾಯಿಯೇ ಮೊದಲು ಸಂದೇಹಿಸುತ್ತಾಳೆ! ಹವಿಸ್ಸನ್ನು ನೆಕ್ಕುವುದಿರಲಿ, ತಾನು ಅದರ ಕಡೆ ನೋಡಲೂ ಇಲ್ಲವೆಂದು ಮರಿ ಹೇಳಿದ ಮೇಲೆ ಅವಳು ಯಾಗಶಾಲೆಗೆ ಹೋಗಿ ನ್ಯಾಯ ಕೇಳುತ್ತಾಳೆ. ಅಲ್ಲಿ ಯಾರೂ ಉತ್ತರ ಕೊಡುವುದಿಲ್ಲ.

ನಮ್ಮ ತೋಟದ ನಾಯಿಗಳು ಈ ಕೆಲಸಕ್ಕೆ ಒದಗಲಾರವು. ಕಾಡುಹಂದಿಯ ವಾಸನೆ ಬಂದರೆ ಅವು ಯಾವ ನ್ಯಾಯಾಧೀಶರಿಗೂ ಕಾಯುವವಲ್ಲ. ಗಂಟೆಗಟ್ಟಲೆ ಸದ್ದಿಲ್ಲದೆ ಕಾಲಬಳಿ ಮಲಗಿರುವಂತೆ ಪಳಗಿಸಿದ ನಾಯಿ ಬೇಕು, ಅದನ್ನು ಬಲ್ಲ ಪಾಲಕರೂ ಬೇಕು. ನಾಯಿಯೆಂದರೆ ನಡುಗುವ ಮಕ್ಕಳೂ ಉಂಟಾದ್ದರಿಂದ, ಅದನ್ನು ಒಳಗೆ ಕರೆಯುವ ಮುನ್ನ ಮಗುವನ್ನೇ ಒಂದು ಮಾತು ಕೇಳಬೇಕು.